ವಯಾ ನಿಲಂಗಾ

ಉದಗೀರ
೪ ಜೂನ್ ೨೦೨೪

ಪ್ರೀತಿಯ ಚಿಗವ್ವ,

ದಿನಾ ಫೋನು ಮಾಡುತ್ತಿದ್ದೇನೆ. ರಿಂಗಾಗುತ್ತದೆ, ನೀನು ಎತ್ತುವುದಿಲ್ಲ. ಕೊನೆಗೆ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ. ನಿಲಂಗಾದಲ್ಲಿ ನಿನ್ನ ಮನೆಯಲ್ಲಿದ್ದು ಮರಾಠಿ ಶಾಲೆಗೆ ಹೋಗುತ್ತಿದ್ದಾಗ ಸಂಜೆ ಹೊತ್ತು ನೀನು ಕಲಿಸಿದ ಕನ್ನಡ ಅಕ್ಷರಗಳಿವು. ತಪ್ಪಿದ್ದರೆ ಅದು ಗುರುವಿನದು.

ಒಂದು ಸುದ್ದಿ ಇದೆ. ನಾನು ಸಿನಿಮಾಕ್ಕೆ ಹಾಡು ಬರೆಯುತ್ತಿದ್ದೇನೆ. ನಗಬೇಡ. ಉಮರಗಾದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ದತ್ತಾತ್ರಿ ಸಾವಕಾರರು ಒಂದು ಸಿನಿಮಾ ತೆಗೆಯುತ್ತಿದ್ದಾರೆ. ಅವರ ಅಂಗಡಿಯ ಜಾಹೀರಾತು ಚೀಟಿಗಳು ನಾನು ಕೆಲಸ ಮಾಡುವ ಅಚ್ಚಿನ ಮನೆಯಲ್ಲೇ ಮುದ್ರಣವಾಗುವುದು, ಹಾಗೆ ಪರಿಚಯ. ಸಿನಿಮಾದ ಮಾತು ಅರ್ಧ ಮರಾಠಿ, ಅರ್ಧ ನಮ್ಮ ಕನ್ನಡ. ಕತೆ ಒಬ್ಬ ಎಸ್‌ಟಿ ಬಸ್ಸಿನ ಕಂಡಕ್ಟರನದು, ದಿನವೂ ಅವನ ಬಸ್ಸಿಗೇ ಹತ್ತುವ ಒಬ್ಬ ಹುಡುಗಿಯದು. ಟೈಟಲ್ ಹಾಡು ಕನ್ನಡದಲ್ಲಿರಬೇಕು ಎಂದು ಹಟ ಹಿಡಿದವಳು ನಾನು. ನಮ್ಮ ಮಾತು ಈ ಗಡಿಯಲ್ಲಿ ಅಡುಗೆ ಮನೆಯಿಂದ ಹೊರಗೆ ಬರದೆ ಸಾಯಬಾರದು. ಸಾವಕಾರರು ಒಪ್ಪಿದರು. ಒಂದೇ ಶರತ್ತು: ಸಿನಿಮಾದ ಹೆಸರು ಹಾಡಿನಲ್ಲಿ ಪೂರ್ತಿ ಬರಬೇಕು. ಜುಲೈ ಕೊನೆಯೊಳಗೆ ನಾನು ಬರೆದು ಕೊಡದಿದ್ದರೆ ಹಾಡನ್ನು ಮರಾಠಿಯಲ್ಲಿ ಬೇರೆಯವರ ಹತ್ತಿರ ಬರೆಸುತ್ತಾರೆ.

ಹೆಸರು ಏನು ಗೊತ್ತೇ? "ಉಮರಗಾ ಉದಗೀರ ವಯಾ ನಿಲಂಗಾ."

ಬಸ್ಸಿನ ನೆತ್ತಿಯ ಮೇಲಿನ ಬೋರ್ಡನ್ನು ಕಿತ್ತು ತಂದು ಹಾಡಿನಲ್ಲಿ ಹೇಗೆ ಮೊಳೆ ಹೊಡೆಯಲಿ? ನನ್ನ ಮೊದಲ ಪ್ರಯತ್ನ ಹೀಗಿದೆ:

ಎದ್ದೇಳಿ ದುಡಿಯುವ ಜನರೇ, ಮುರಿಯಿರಿ ಬೇಲಿಗಳ,
ಉಮರಗಾ ಉದಗೀರ ವಯಾ ನಿಲಂಗಾ!

ಎರಡನೆಯದು ಇನ್ನೂ ಕೆಟ್ಟದಾಗಿದೆ:

ನಿನ್ನ ಕಣ್ಣಿನ ದಾರಿಯಲಿ ಕಳೆದು ಹೋದೆನಲ್ಲ,
ಉಮರಗಾ ಉದಗೀರ ವಯಾ ನಿಲಂಗಾ ಎಂಬಲ್ಲಿ ನಲ್ಲ.

ನಿನ್ನ ನೆನಪಾಯಿತು. ಮದುವೆಗಳಲ್ಲಿ ಹೆಂಗಸರು "ಒಡಪು ಹಾಕಿ ಗಂಡನ ಹೆಸರು ಹೇಳು" ಎಂದು ಗಂಟು ಬಿದ್ದಾಗ ನೀನು ಎಂಥ ಹೆಸರನ್ನಾದರೂ ಎರಡು ಸಾಲಿನಲ್ಲಿ ಕೂರಿಸುತ್ತಿದ್ದೆ. ಬೇರೆಯವರಿಗೂ ಕಟ್ಟಿಕೊಡುತ್ತಿದ್ದೆ. ಒಡಪನ್ನು ನಾನು ಒಪ್ಪುವುದಿಲ್ಲ. ಗಂಡನ ಹೆಸರನ್ನು ನೇರವಾಗಿ ಹೇಳಲು ಬಿಡದೆ, ಪ್ರಾಸದ ಸೆರಗಿನಲ್ಲಿ ಮುಚ್ಚಿ ಹೇಳಿಸುವುದು ಹೆಣ್ಣನ್ನು ಹದ್ದುಬಸ್ತಿನಲ್ಲಿಡುವ ಉಪಾಯ ಎಂದು ಒಂದು ಕಿರುಹೊತ್ತಿಗೆಯಲ್ಲಿ ಓದಿದ್ದೇನೆ, ಅದು ಸರಿಯೇ. ಆದರೆ ಕುಶಲತೆ ಕುಶಲತೆಯೇ. ಅದನ್ನು ನನಗೆ ಹೇಳಿಕೊಡು.

ಇಲ್ಲಿ ಎಲ್ಲ ಸರಿ. ಹಗಲು ಲಗ್ನಪತ್ರಿಕೆ ಜೋಡಿಸುತ್ತೇನೆ, ಸಂಜೆ ಅಚ್ಚಿನಲ್ಲಿ ಮಿಕ್ಕ ಕರಪತ್ರ ಓದುತ್ತೇನೆ. ನಾನು ಬಿಟ್ಟು ಬಂದ ಮೇಲೆ ಗುಂಜೋಟಿಯಲ್ಲಿ ಅಪ್ಪನ ಮನೆಯಲ್ಲಿ ನನ್ನ ಹೆಸರೆತ್ತುವುದಿಲ್ಲವಂತೆ. ಎತ್ತದಿರಲಿ.

ನಿನ್ನ
ದೀಪಾಲಿ


ನಿಲಂಗಾ
೧೨ ಜೂನ್ ೨೦೨೪

ಚಿರಂಜೀವಿ ದೀಪಾಲಿಗೆ ಚಿಗವ್ವನ ಆಶೀರ್ವಾದಗಳು.

ಕಾಗದ ತಲುಪಿತು. ಎರಡು ಸಲ ಓದಿ ದೇವರ ಮುಂದೆ ಇಟ್ಟೆ, ಮತ್ತೆ ತೆಗೆದು ಓದಿದೆ. ಹೊಲಿಗೆ ಮಷಿನ್ನಿನ ಸದ್ದಿನಲ್ಲಿ ಫೋನು ಗೊತ್ತಾಗಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಮಳೆಗಾಲಕ್ಕೆ ಮುಂಚೆ ಮದುವೆ ಬಹಳ, ಸೀರೆಗಳಿಗೆ ಫಾಲ್ ಹಚ್ಚುವ ಕೆಲಸ ಮುಗಿಯುವುದೇ ಇಲ್ಲ. ಫೋನಿಗಿಂತ ಕಾಗದವೇ ಒಳ್ಳೆಯದು. ಹೀಗೇ ಬರೆಯುತ್ತಿರು.

ನಿನ್ನ ಎರಡೂ ಹಾಡು ಓದಿ ಒಬ್ಬಳೇ ನಕ್ಕೆ. ತಪ್ಪು ಎಲ್ಲಿದೆ ಹೇಳುತ್ತೇನೆ. ಬೀಗರು ಬಾಗಿಲಿಗೆ ಬಂದಾಗ ಮನೆ ಗುಡಿಸಿರುವುದಿಲ್ಲ, ಚಾಪೆ ಹಾಸಿರುವುದಿಲ್ಲ, "ಬರ್ರಿ ಬರ್ರಿ" ಎಂದು ಕೈ ಹಿಡಿದು ಎಳೆಯುತ್ತೀ. ಒಡಪಿನಲ್ಲಿ ಮೊದಲ ಸಾಲು ಚಾಪೆ. ಕಣ್ಣಿಗೆ ಕಾಣುವ ಒಂದು ಸಾಮಾನು ಇಡು. ಒಲೆ, ಕಣ, ಬುಟ್ಟಿ, ಏನಾದರೂ ಸರಿ. ಆಮೇಲೆ ಹೆಸರು ಬರಲಿ. ಹೆಸರಿಗೆ ಒಡವೆ ಹಾಕಬೇಡ. "ಕಣ್ಣಿನ ದಾರಿ" ಎಂದೆಲ್ಲ ಹೇಳಿದರೆ ಹೆಸರು ನಾಚಿಕೊಂಡು ಹಿಂದೆ ಸರಿಯುತ್ತದೆ.

ಉದ್ದ ಹೆಸರಾದರೆ ಒಡೆಯಬೇಕು. ಮಾಣಿಕಬಾಯಿಯ ಮದುವೆಗೆ ಮಾಕಣಿಗೆ ಹೋಗಿದ್ದೆವು, ನಿನಗೆ ನೆನಪಿರಲಿಕ್ಕಿಲ್ಲ, ನೀನು ಸಣ್ಣವಳು. ಹೊಸ ಮದುಮಗಳು ಹೊಸ್ತಿಲ ಹತ್ತಿರ ಬಂದರೆ ನಾದಿನಿಯರು ಬಾಗಿಲಿಗೆ ಅಡ್ಡ ನಿಂತರು. ಹೆಸರು ಹೇಳದೆ ಒಳಗೆ ಬಿಡುವ ಪದ್ಧತಿ ಇಲ್ಲವಲ್ಲ. ಅವಳ ಗಂಡನ ಹೆಸರು ಚನ್ನಮಲ್ಲಿಕಾರ್ಜುನಪ್ಪ. ಪಾಪ, ಹುಡುಗಿ ಬೆವೆತು ಹೋದಳು. "ಒಂದs ಉಸಿರಿನ್ಯಾಗ ಹೇಳಬ್ಯಾಡವ್ವ, ಮೂರ ಮುಟಗಿ ಮಾಡು" ಎಂದು ನಾನು ಕಿವಿಯಲ್ಲಿ ಹೇಳಿದೆ. ಚನ್ನ ಒಂದು ಸಾಲಿಗೆ, ಮಲ್ಲಿಕಾರ್ಜುನ ಒಂದು ಸಾಲಿಗೆ, ಅಪ್ಪ ಕೊನೆಗೆ. ಬಾಗಿಲು ತೆರೆಯಿತು.

ಗಂಡಸರು ಹೆಂಡತಿಯ ಹೆಸರು ಹೇಳುತ್ತಾರೆಯೇ ಎಂದು ನೀನು ಕೇಳುತ್ತೀ, ನನಗೆ ಗೊತ್ತು. ನಿನ್ನ ಕಾಕಾ ಬಸವಣ್ಣೆಪ್ಪನವರು ಒಮ್ಮೆ ಯತ್ನ ಮಾಡಿದರು. ಶಿವಕಾಂತಮ್ಮ ಎನ್ನುವ ನನ್ನ ಹೆಸರು ಯಾವ ಪ್ರಾಸಕ್ಕೂ ಕೂಡಲಿಲ್ಲ. "ಈ ಹೆಸರು ಬಾಳ ಜಡ ಅದ, ನನ್ನಿಂದ ಏಳಂಗಿಲ್ಲ" ಎಂದು ಕೈಚೆಲ್ಲಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಯಾರೂ ಯತ್ನ ಮಾಡಲಿಲ್ಲ. ಈಗ ಅವರೂ ಇಲ್ಲ.

ಉಮರಗಾಕ್ಕೆ ಆಗಾಗ ಹೋಗುತ್ತೀಯಾ? ಯಾವ ಬಸ್ಸಿಗೆ?

ಚಿಗವ್ವ


ಉದಗೀರ
೨೫ ಜೂನ್ ೨೦೨೪

ಪ್ರೀತಿಯ ಚಿಗವ್ವ,

ನಿನ್ನ ಕಾಗದವನ್ನು ಉಮರಗಾಕ್ಕೆ ಕೊಂಡೊಯ್ದು ಎಲ್ಲರೆದುರು ಓದಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀರೆಯ ಗಂಟುಗಳ ನಡುವೆ ನಮ್ಮ ಹಾಡಿನ ಬೈಠಕ್ಕು. ರಾಗ ಹಾಕುವವನು ವೈಭವ. ಯೆಣೆಗೂರಿನವನು, ಮದುವೆ ಬ್ಯಾಂಡಿನವನು, ಒಳ್ಳೆಯ ಹುಡುಗ. ನನ್ನ ಸಾಲು ಹಾಡಿ ನೋಡಿ ಕೆಮ್ಮಿದ.

"ದೀಪಾಲಿ ತಾಯಿ, ಈ ಸಾಲ ಹಾಡಬೇಕಂದ್ರ ನಡುವ ಒಮ್ಮಿ ಚಹಾ ಕುಡೀಬೇಕಾಗ್ತದ."

"ಟೈಟಲ್ ಸಣ್ಣದು ಮಾಡ್ರಿ ಅಂತ ಸಾವಕಾರರಿಗೆ ಹೇಳು ಮತ್ತ," ಎಂದೆ.

ಸಾವಕಾರರು ಅಲ್ಲೇ ಇದ್ದರು. "ಯಾಕ ಸಣ್ಣದು? ನನ್ನ ಅಂಗಡಿ ಪಿಶವಿ ಚೀಲದ ಮ್ಯಾಲ ಅಂಗಡಿ ಹೆಸರ ಪೂರಾ ಅದನೋ ಇಲ್ಲೋ? ಪಿಶವಿ ಹರದ್ರೂ ಮಂದಿ ಹೆಸರ ಮರೀಬಾರದು. ಹಾಡ ಅಂದ್ರ ಸಿನಿಮಾದ ಪಿಶವಿ, ತಂಗಿ."

ಕಲೆಯನ್ನು ಚೀಲ ಮಾಡುವ ಈ ವ್ಯಾಪಾರಿ ಬುದ್ಧಿಯ ಬಗ್ಗೆ ಅಲ್ಲೇ ನಾಲ್ಕು ಮಾತು ಹೇಳಿದೆ. ಅವರು ಶಾಂತವಾಗಿ ಕೇಳಿ, "ಚಲೋ ಹೇಳಿದಿ, ಈಗ ಹೆಸರ ಹಾಕು," ಎಂದರು.

ಉದ್ದ ಹೆಸರು ಒಡೆಯಬೇಕು ಎಂಬ ನಿನ್ನ ಮಾತಿಗೆ ವೈಭವ ಕುಣಿದಾಡಿದ. ಮೂರು ಊರು, ಮೂರು ಒಡಪು, ಮೂರು ದನಿ. ಆದರೆ ನಾನು ಬರೆದರೆ ಕರಪತ್ರವಾಗುತ್ತಿದೆ, ಒಡಪಾಗುತ್ತಿಲ್ಲ. ನೀನೇ ಕಟ್ಟಿಕೊಡು. ದಯವಿಟ್ಟು.

ಕೇಳಿದೆಯಲ್ಲ, ಉಮರಗಾಕ್ಕೆ ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ನನ್ನದು ನೇರ ಬಸ್ಸು, ನಿಲಂಗಾದೊಳಗೆ ಬರುವುದಿಲ್ಲ. ಹೊರಗಿನಿಂದಲೇ ಹೋಗಿಬಿಡುತ್ತದೆ.

ನಿನ್ನನ್ನು ಈಗ ಒಡಪು ಹಾಕೆಂದು ಯಾರು ಕೇಳುತ್ತಾರೆ? ಸಂಜೆ ನೆರೆಮನೆಯ ಶೇವಂತಾಬಾಯಿ, ಅನುಸೂಯಾಬಾಯಿ ಬಂದು ಕೂರುತ್ತಾರೆಯೇ? ಮೊನ್ನೆಯೂ ಫೋನು ಮಾಡಿದೆ. ಸಂಜೆಗೂ ಮಷಿನ್ನು ನಡೆಯುತ್ತಿರುತ್ತದೆಯೇ?

ದೀಪಾಲಿ


ನಿಲಂಗಾ
೩ ಜುಲೈ ೨೦೨೪

ಚಿರಂಜೀವಿ ದೀಪಾಲಿಗೆ ಆಶೀರ್ವಾದಗಳು.

ಫೋನಿನ ಬ್ಯಾಟರಿ ಉಬ್ಬಿದೆ. ರಿಪೇರಿಗೆ ಕೊಟ್ಟಿದ್ದೇನೆ.

ಬಹಳ ದಿನದ ಮೇಲೆ ಹೆಸರು ಕಟ್ಟಲು ಕುಳಿತೆ. ಸೀರೆ ಮಡಿಚಿಟ್ಟು, ಮಷಿನ್ನಿನ ಹಲಗೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಹಾಕುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ, ಅನ್ನ ಸೀದುಹೋಯಿತು. ನಾನು ಬರೆಯುವಾಗ ಬಸವಕಲ್ಯಾಣದ ಶಾಲೆಯಲ್ಲಿ ಕಲಿತ ಕನ್ನಡವೇ ಕೈಗೆ ಬರುತ್ತದೆ, ಆದರೆ ಒಡಪು ಮನೆಯ ಮಾತಿನಲ್ಲೇ ಬರುವುದು. ಅದನ್ನು ತಿದ್ದಬೇಡ.

ಕಡ್ಲಿ ಬುಟ್ಟಿ ಹೊತ್ತಾಕಿ ಹತ್ತ್ಯಾಳ ಎಲ್ಲಿಗೆ?
ಉಮರಗಾದ ಮಣ್ಣ ಅಂಟ್ಯಾದ ಆಕಿ ಕಾಲ ಬೆರಳಿಗೆ.

ಕೂಸು ಕಿಟಕ್ಯಾಗ ನಿಂತು ಕೇಳತದ ಬಾರಿ ಬಾರಿಗೆ,
ಉದಗೀರ ಬಂತೇನವ್ವ ಅಂತ ಬಂದ ಬಂದ ಊರಿಗೆ.

ಬಸ್ಸು ನಿಂತು ಹೋಗತದ ಬಾಗಲ ತೆರದು ಮುಚ್ಚಿ,
ವಯಾ ನಿಲಂಗಾ ಅಂತ ಬರದಾರ, ಯಾರ ಇಳೀತಾರ ಮೆಚ್ಚಿ?

ಮೂರನೆಯದಕ್ಕೆ ಮದ್ದಳೆ ಬೇಡ ಎಂದು ಆ ಬ್ಯಾಂಡಿನ ಹುಡುಗನಿಗೆ ಹೇಳು. ಬಸ್ಸು ಹೋದ ಮೇಲೆ ಧೂಳು ಕೂರುತ್ತದಲ್ಲ, ಅಷ್ಟು ಹೊತ್ತು ಸುಮ್ಮನಿರಬೇಕು.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ತೊಟ್ಟಿಲ ಬಾರಸಿಗೆ, ಮದುವೆಗೆ ಹೋಗುವುದನ್ನು ಈ ವರ್ಷ ಬಿಟ್ಟಿದ್ದೇನೆ. ಹೋದರೂ ಒಡಪು ಹಾಕುವ ಹೊತ್ತಿಗೆ ಎದ್ದು ಬರುತ್ತೇನೆ. ಎಲ್ಲರೂ ನಗುತ್ತಿರುತ್ತಾರೆ, ನಾನೊಬ್ಬಳು ನಡುವೆ ಕೂತು ಏನು ಮಾಡಲಿ? ಶೇವಂತಾಬಾಯಿ, ಅನುಸೂಯಾಬಾಯಿ ಸಂಜೆ ಹಿತ್ತಲಿನಿಂದ ಬರುತ್ತಾರೆ, ಹಪ್ಪಳ ಮಾಡುತ್ತಾರೆ, ಹೋಗುತ್ತಾರೆ. ಅಷ್ಟು ಸಾಕು.

ಚಿಗವ್ವ


ಉದಗೀರ
೧೧ ಜುಲೈ ೨೦೨೪

ಚಿಗವ್ವ!

ಹಾಡು ಪಾಸಾಯಿತು! ಸಾವಕಾರರು ಎದ್ದು ನಿಂತು ಚಪ್ಪಾಳೆ ಹೊಡೆದರು. "ಹೆಸರ ಪೂರಾ ಬಂತು, ಮ್ಯಾಲ ಕಣ್ಣಾಗ ನೀರೂ ಬಂತು," ಎಂದರು. ವೈಭವ ಮೂರನೆಯ ಒಡಪಿಗೆ ಮದ್ದಳೆ ನಿಲ್ಲಿಸಿ ಬರೀ ಒಂದು ಕೊಳಲು ಇಟ್ಟಿದ್ದಾನೆ.

ಆ ಮೂರನೆಯ ಒಡಪಿನ ಬಗ್ಗೆ ಹೇಳಲೇಬೇಕು. ನೀನು ಯಾವ ಕಿರುಹೊತ್ತಿಗೆಯನ್ನೂ ಓದದೆ ಇಡೀ ವ್ಯವಸ್ಥೆಯನ್ನು ಎರಡು ಸಾಲಿನಲ್ಲಿ ಹಿಡಿದಿದ್ದೀ. ಸಣ್ಣ ಊರುಗಳು ದೊಡ್ಡ ಊರಿಗೆ ಹೋಗುವ ದಾರಿ ಮಾತ್ರ. ಯೋಜನೆ ಇಳಿಯುವುದಿಲ್ಲ, ಕಾರ್ಖಾನೆ ಇಳಿಯುವುದಿಲ್ಲ. ಇದನ್ನೇ ಹೇಳಲು ನಮ್ಮ ಲೇಖಕರಿಗೆ ಮೂವತ್ತೆರಡು ಪುಟ ಬೇಕಾಯಿತು.

ನಿನ್ನ ಕಾಗದದ ಕೊನೆಯ ಸಾಲುಗಳನ್ನು ಓದಿ ರಕ್ತ ಕುದಿಯಿತು. ನೀನು ಬಿಡಿಸಿ ಹೇಳಲಿಲ್ಲ, ನನಗೆ ಅರ್ಥವಾಯಿತು. ಕಾಕಾ ಹೋದ ಮೇಲೆ ನಿನ್ನನ್ನು ಒಡಪು ಕೇಳುವುದಿಲ್ಲ, ಅಲ್ಲವೇ? ಗಂಡ ಸತ್ತವಳ ಬಾಯಲ್ಲಿ ಹೆಸರು ಅಪಶಕುನ. ಊರಿಗೆಲ್ಲ ಹೆಸರು ಕಟ್ಟಿಕೊಟ್ಟವಳು ನಗುವವರ ನಡುವಿನಿಂದ ಎದ್ದು ಬರಬೇಕು! ನಾನು ಸುಮ್ಮನಿರಲಿಲ್ಲ. "ಹೆಸರು ಯಾರದು?" ಎಂಬ ಕರಪತ್ರ ಬರೆದು, ನಾನೇ ಜೋಡಿಸಿ, ಒಂದು ರೀಮು ಅಚ್ಚು ಹಾಕಿ, ಭಾನುವಾರದ ಸಂತೆಗೆ ನಿಲಂಗಾಕ್ಕೆ ಬರುವ ಗೆಳತಿ ಮನೀಷಾಳ ಕೈಯಲ್ಲಿ ಹಂಚಿಸಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಓಣಿಯ ಹೆಸರು ಹಾಕಿದ್ದೇನೆ. ಅದರ ಒಂದು ಪ್ರತಿ ಈ ಲಕೋಟೆಯಲ್ಲಿದೆ.

ರಿಪೇರಿಗೆ ಕೊಟ್ಟ ಫೋನು ರಿಂಗಾಗುತ್ತಿದೆ. ನನ್ನ ಮೇಲೆ ಸಿಟ್ಟಿದೆಯೇ? ಒಡಪನ್ನು ಬೈದೆನೆಂದೇ?

ದೀಪಾಲಿ


ಉದಗೀರ
೩೦ ಜುಲೈ ೨೦೨೪

ಚಿಗವ್ವ,

ಕಾಗದವಿಲ್ಲ. ಮಳೆಗೆ ಟಪಾಲು ತಡವಾಗಿರಬಹುದು ಎಂದುಕೊಂಡಿದ್ದೇನೆ.

ದೀಪಾಲಿ


ನಿಲಂಗಾ
೮ ಆಗಸ್ಟ್ ೨೦೨೪

ಚಿರಂಜೀವಿ ದೀಪಾಲಿಗೆ ಆಶೀರ್ವಾದಗಳು.

ತಡವಾಯಿತು.

ನಿನ್ನ ಕರಪತ್ರ ಓಣಿಗೆ ಬಂತು. ಶೇವಂತಾಬಾಯಿಗೆ ಕನ್ನಡ ಓದಲು ಬರುವುದಿಲ್ಲ, ಕೆಳಗೆ ನೀನು ಮರಾಠಿಯಲ್ಲೂ ಹಾಕಿದ್ದೆಯಲ್ಲ, ಅದನ್ನು ಅವಳ ಮಗಳು ಸ್ವಪ್ನಾಲಿ ಓದಿ ಹೇಳಿದಳಂತೆ. ಶೇವಂತಾಬಾಯಿ, ಅನುಸೂಯಾಬಾಯಿ ಇಬ್ಬರೂ ಮುಂಬಾಗಿಲಿನಿಂದ ಬಂದರು. ಅವರು ಮುಂಬಾಗಿಲಿನಿಂದ ಬಂದದ್ದನ್ನು ಅದುವರೆಗೆ ನಾನು ನೋಡಿಯೇ ಇರಲಿಲ್ಲ. ಕರಪತ್ರವನ್ನು ಮಷಿನ್ನಿನ ಮೇಲಿಟ್ಟರು. ಶೇವಂತಾಬಾಯಿ ಏನೋ ಅಂದಳು. ಅವಳ ಗದ್ದ ನಡುಗುತ್ತಿತ್ತು. ಆಮೇಲೆ ಹೋದರು.

ಅಂದಿನಿಂದ ಹಿತ್ತಲ ಕದ ಆ ಕಡೆಯಿಂದ ಹಾಕಿದೆ. ಹಪ್ಪಳದ ಹಿಟ್ಟು ನಾನೊಬ್ಬಳೇ ಕಲಸಿದೆ, ಹುಳಿಯಾಯಿತು, ಆಕಳಿಗೆ ಹಾಕಿದೆ. ಸ್ವಪ್ನಾಲಿ ಮಾತ್ರ ಕಾಲೇಜಿನಿಂದ ಬರುವಾಗ ಒಮ್ಮೊಮ್ಮೆ ಇಣುಕುತ್ತಾಳೆ.

ಅವರು ಕೆಟ್ಟವರಲ್ಲ ದೀಪಾ. ನನ್ನನ್ನು ಯಾರೂ ಎಬ್ಬಿಸಿ ಕಳಿಸಲಿಲ್ಲ. ನಾನು ಕಾಗದದಲ್ಲಿ ಬರೆಯದಿದ್ದ ಮಾತನ್ನು ನೀನು ಓದಿಕೊಂಡೆ. ಬರೆಯದೆ ಬಿಟ್ಟದ್ದು ನನ್ನ ತಪ್ಪೂ ಹೌದು.

ಕರಪತ್ರ ಬರುವ ಮೊದಲು ಅನುಸೂಯಾಬಾಯಿ ಒಂದು ಮಾತು ಸ್ವಪ್ನಾಲಿಯ ಕೈಯಲ್ಲಿ ಹೇಳಿ ಕಳಿಸಿದ್ದಳು. ಜೂನಿನಲ್ಲಿ ಒಮ್ಮೆ, ಮತ್ತೆ ಇನ್ನೊಮ್ಮೆ, ನಿಲಂಗಾ ಸ್ಟ್ಯಾಂಡಿನಲ್ಲಿ ಉದಗೀರ ಬಸ್ಸಿನ ಕಿಟಕಿಯಲ್ಲಿ ನಿನ್ನಂಥವಳೇ ಒಬ್ಬಳು ಚಹಾ ಕುಡಿಯುತ್ತ ಕೂತಿದ್ದಳಂತೆ. ಬೇರೆ ಯಾರೋ ಇರಬೇಕು. ನಿನ್ನ ಬಸ್ಸು ಊರೊಳಗೆ ಬರುವುದಿಲ್ಲವಲ್ಲ.

ಹಾಡು ಆದಾಗ ತಿಳಿಸು.

ಚಿಗವ್ವ


ಉದಗೀರ
೨೨ ಆಗಸ್ಟ್ ೨೦೨೪

ಚಿಗವ್ವ,

ಓಣಿಯವರಿಗೆ ನೋವಾಗಿದ್ದರೆ ಅದಕ್ಕೆ ನಾನು ಹೊಣೆಯಲ್ಲ. ಸತ್ಯ ಹೇಳಿದಾಗ ಹತ್ತಿರದವರಿಗೇ ಮೊದಲು ಚುಚ್ಚುತ್ತದೆ. ನಿನ್ನನ್ನು ಅವರು ಎಬ್ಬಿಸಲಿಲ್ಲ ಎನ್ನುತ್ತೀ. ನಾವಾಗಿಯೇ ಎದ್ದು ಬರುವಂತೆ ಮಾಡುವುದೇ ಪದ್ಧತಿಯ ಜಾಣತನ. ಇದನ್ನೆಲ್ಲ ನಿನಗೆ ಎದುರು ಕೂತು ಹೇಳಬೇಕು, ಕಾಗದದಲ್ಲಿ ಆಗುವುದಿಲ್ಲ.

ಹಾಡಿನ ಧ್ವನಿಮುದ್ರಣವಾಯಿತು. ಚೆನ್ನಾಗಿ ಬಂದಿದೆ. ಸ್ವಪ್ನಾಲಿಯ ನಂಬರು ಮನೀಷಾಳ ಹತ್ತಿರವಿತ್ತು, ಅವಳ ಫೋನಿಗೆ ಕಳಿಸಿದ್ದೇನೆ. ಅವಳು ಬಂದಾಗ ಹಚ್ಚಿ ಕೇಳು. ಶುರುವಿಗೆ ನನ್ನ ಹೆಸರು ಹಾಕಿದ್ದಾರೆ. ನಿನ್ನದೂ ಹಾಕಿ ಎಂದೆ, ಜಾಗ ಸಾಲಲಿಲ್ಲವಂತೆ. ಪೋಸ್ಟರು ಉಮರಗಾದ ತುಂಬ ಹಚ್ಚಿದ್ದಾರೆ.

ಇಲ್ಲಿ ಮಳೆ. ಕೋಣೆ ಸೋರುತ್ತದೆ, ಕರಪತ್ರಗಳೆಲ್ಲ ತೊಯ್ದವು. ನಿನ್ನೆಯಿಂದ ಯಾರೊಂದಿಗೂ ಮಾತಾಡಿಲ್ಲ, ಚಹಾದವನನ್ನು ಬಿಟ್ಟರೆ.

ದೀಪಾಲಿ


ನಿಲಂಗಾ
೨ ಸೆಪ್ಟೆಂಬರ್ ೨೦೨೪

ಚಿರಂಜೀವಿ ದೀಪಾಲಿಗೆ ಆಶೀರ್ವಾದಗಳು.

ಸ್ವಪ್ನಾಲಿ ಹಾಡು ತಂದಳು. ಕೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹಾಡಿನ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡು ಎಂದೆ, ಬರೆದುಕೊಟ್ಟಳು. ಅವಳ ಫೋನು ಹಲಗೆಯ ಮೇಲೆ ನಡುಗುತ್ತಿತ್ತು, ನಾನು ಕೈ ಇಟ್ಟು ನೋಡಿದೆ. ತಾಳ ಸರಿಯಾಗಿ ಕೂತಿದೆ, ಆ ಹುಡುಗ ಚಲೋ ಬಾರಿಸುತ್ತಾನೆ.

ಚೀಟಿಯಲ್ಲಿ ಎರಡು ಒಡಪಿವೆ. ಕಡಲೆ ಬುಟ್ಟಿಯವಳದು, ಕಿಟಕಿಯ ಕೂಸಿನದು. ಮೂರನೆಯದು ಮರೆತೆಯೇನು ಎಂದು ಸ್ವಪ್ನಾಲಿಯನ್ನು ಕೇಳಿದೆ, ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಪೋಸ್ಟರಿನ ಫೋಟೋ ತೋರಿಸಿದಳು. "ಉಮರಗಾ ಉದಗೀರ" ಎಂದಷ್ಟೇ ಇದೆ.

ಇರಲಿ ಬಿಡು ಮಗಳೆ. ಊರೊಳಗೆ ಬರದ ಬಸ್ಸು ಬೇಗ ಮುಟ್ಟುತ್ತದೆ.

ಕೋಣೆ ಸೋರುವಲ್ಲಿ ಪಾತ್ರೆ ಇಡು. ಒದ್ದೆ ನೆಲದ ಮೇಲೆ ಮಲಗಬೇಡ.

ಚಿಗವ್ವ


ನಿಲಂಗಾ, ನಿನ್ನ ಹೊಸ್ತಿಲ ಹೊರಗೆ
೧೪ ಸೆಪ್ಟೆಂಬರ್ ೨೦೨೪

ಚಿಗವ್ವ,

ಇದನ್ನು ನನ್ನದೇ ಕರಪತ್ರದ ಹಿಂಬದಿಗೆ ಬರೆಯುತ್ತಿದ್ದೇನೆ, ಚೀಲದಲ್ಲಿ ಬೇರೆ ಕಾಗದವಿಲ್ಲ.

ಉಮರಗಾದಿಂದ ಉದಗೀರಿಗೆ ಹೊರಟಿದ್ದೆ. ಬಸ್ಸು ನಿಲಂಗಾ ಸ್ಟ್ಯಾಂಡಿಗೆ ಬಂತು. ನನ್ನ ಬಸ್ಸು ಯಾವಾಗಲೂ ಊರೊಳಗೆ ಬರುತ್ತದೆ, ಚಿಗವ್ವ. ಅನುಸೂಯಾಬಾಯಿ ನೋಡಿದ್ದು ನನ್ನನ್ನೇ. ನಾನು ಪ್ರತಿ ಸಲವೂ ಕಿಟಕಿಯಲ್ಲಿ ಚಹಾ ಕುಡಿದು ಮುಂದೆ ಹೋಗಿದ್ದೇನೆ. ಅಪ್ಪನ ಮನೆ ಬಿಟ್ಟು ಬಂದವಳು, ಏನಾದರೂ ಸಾಧಿಸಿ ಹಾಡು ಕೈಯಲ್ಲಿ ಹಿಡಿದು ನಿನ್ನ ಮುಂದೆ ಬಂದು ನಿಲ್ಲಬೇಕೆಂದಿದ್ದೆ. ಹಾಡು ಬಂತು, ಅದರಲ್ಲಿ ನೀನಿರಲಿಲ್ಲ. ಪೋಸ್ಟರಿನಲ್ಲಿ ಅಕ್ಷರ ದಪ್ಪ ಕಾಣಲಿ ಎಂದು ಸಾವಕಾರರು ಹೆಸರು ಮೊಟಕು ಮಾಡಿದರು, ಅದರೊಂದಿಗೆ ಮೂರನೆಯ ಒಡಪು ಹೋಯಿತು. ಎಲ್ಲದಕ್ಕೂ ನಾಲ್ಕು ಮಾತು ಹೇಳುವ ನಾನು ಆಗ ಸುಮ್ಮನಿದ್ದೆ. ನನ್ನ ಹೆಸರು ಅಚ್ಚಾಗಿತ್ತಲ್ಲ.

ಇವತ್ತೂ ಹಾಗೆಯೇ ಕಿಟಕಿಯಲ್ಲಿ ಕೂತು ನಿನ್ನ ಕೊನೆಯ ಕಾಗದ ಓದುತ್ತಿದ್ದೆ. "ಚೀಟಿಯಲ್ಲಿ ಬರೆದುಕೊಡು ಎಂದೆ." ಎದುರಿಗೆ ಹಾಡು ಹಚ್ಚಿಟ್ಟಿರುವಾಗ ಮಾತುಗಳನ್ನು ನೀನು ಯಾಕೆ ಬರೆಸಿಕೊಂಡೆ? ಹಲಗೆಯ ಮೇಲೆ ಯಾಕೆ ಕೈ ಇಟ್ಟೆ? ಮಷಿನ್ನಿನ ಸದ್ದು, ಉಬ್ಬಿದ ಬ್ಯಾಟರಿ. ಶೇವಂತಾಬಾಯಿ "ಏನೋ ಅಂದಳು." ಎಲ್ಲರೂ ನಗುವಾಗ ನಡುವೆ ಕೂತು ಏನು ಮಾಡಲಿ ಎಂದು ನೀನು ಬರೆದಿದ್ದೆ.

ಅಷ್ಟರಲ್ಲಿ ಕಂಡಕ್ಟರು ಗಂಟೆ ಬಾರಿಸಿದ, ಬಸ್ಸು ಹೊರಟಿತು. ನಾನು ಕೂಗಿಕೊಂಡೆ. "ಸ್ಟ್ಯಾಂಡಿನ್ಯಾಗ ಇಷ್ಟೊತ್ತನಾ ನಿಂತಿತ್ತಲ್ಲ, ಆವಾಗ ನಿದ್ದಿ ಮಾಡ್ತಿದ್ದೇನು ತಾಯಿ?" ಎಂದು ಬೈದು ತಿರುವಿನಲ್ಲಿ ಇಳಿಸಿದ.

ಅಲ್ಲಿಂದ ನಡೆದು ಬಂದು ಬಾಗಿಲು ಬಡಿದೆ. ಒಳಗೆ ಮಷಿನ್ನು ನಡೆಯುತ್ತ ನಿಲ್ಲುತ್ತ ಇತ್ತು. ಅದು ನಿಂತಾಗ ಇನ್ನೂ ಜೋರಾಗಿ ಬಡಿದೆ. ಮತ್ತೆ ಅದು ನಡೆಯಿತು.

ನನ್ನ ಬಡಿತಕ್ಕೆ ಶೇವಂತಾಬಾಯಿ ಹೊರಗೆ ಬಂದಳು, ಹಿಂದೆಯೇ ಅನುಸೂಯಾಬಾಯಿ.

"ಬಂದಳ ನೋಡ್ರೀ ಕರಪತ್ರದಾಕಿ!"

"ಚಿಗವ್ವಗ ಕೇಳಸಂಗಿಲ್ಲೇನ್ರೀ?" ಎಂದೆ.

"ಈಗ ಗೊತ್ತಾತೇನು ನಿನಗ?" ಅಂದಳು ಶೇವಂತಾಬಾಯಿ. "ಹ್ವಾದ ದೀಪಾವಳಿಯಿಂದ ಕಡಿಮಿ ಆಗಕೋತ ಬಂದು, ಈಗ ಎರಡೂ ಕಿವಿ ಪೂರಾ ಹೋಗ್ಯಾವ. ಊರ ಮಂದಿಗೆ ಹೇಳಬ್ಯಾಡ್ರಿ ಅಂತ ನಮ್ಮ ಕೈ ಹಿಡಕೊಂಡಿದ್ದಳು. ನಾವು ಮೊಣಕಾಲ ಮುಟ್ಟಿ ಒಡಪ ಕೇಳತಿದ್ದೆವು. ಹೆಸರ ಹೇಳು ಅಂತಾರೋ, ಮತ್ತೇನ ಅಂತಾರೋ ತಿಳೀದs ಎದ್ದ ಹೋಗತಿದ್ದಳು. ನೀ ನೋಡಿದ್ರ ನಾವು ಆಕೀನ ರಂಡಮುಂಡಿ ಅಂತ ಹೊರಗ ಹಾಕೀವಿ ಅಂತ ಛಾಪ್ಸಿದಿ!"

ಅನುಸೂಯಾಬಾಯಿ ನಡುವೆ ಬಾಯಿ ಹಾಕಿದಳು: "ಅಲ್ಲ, ಸಂತ್ಯಾಗ ಹಂಚ್ಯಾಳ್ರೀ. ನಮ್ಮ ಬೀಗರ ಕೈಗೂ ಬಂದದ."

ನಾನು ತಲೆ ಬಗ್ಗಿಸಿ ನಿಂತೆ. ಯಾವ ಕಿರುಹೊತ್ತಿಗೆಯಲ್ಲೂ ಇದಕ್ಕೆ ಉತ್ತರವಿಲ್ಲ. ನನಗೆ ನೀನು ಯಾಕೆ ಹೇಳಲಿಲ್ಲ ಎಂದು ಈಗ ಗೊತ್ತು. ಹೇಳಿದ್ದರೆ ನಾನು ನಿನ್ನ ಕಿವಿಯ ಮೇಲೂ ಒಂದು ಕರಪತ್ರ ಬರೆಯುತ್ತಿದ್ದೆ.

"ಬಡದ್ರ ಏನ ಆಗ್ತದ?" ಎಂದು ಕೊನೆಗೆ ಶೇವಂತಾಬಾಯಿಯೇ ಹೇಳಿದಳು. "ಅಂಚಿಯಂವಾ ಕಾಗದ ಬಾಗಲ ಬುಡಕ ತೂರತಾನ. ಆಕಿ ಮಷಿನ್ ಬಾಗಲ ಕಡಿಗೇ ತಿರುಗಿಸಿ ಇಟ್ಟಾಳ. ಹೊಲೀಲಿಕ್ಕೆ ಕೂತ್ರೂ ಕಣ್ಣು ಹೊಸ್ತಿಲ ಮ್ಯಾಲs. ನಿನ್ನ ಕಾಗದ ಯಾವಾಗ ಬರ್ತದ ಅಂತ."

ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಬರೆದು ತೂರಲು ಬಗ್ಗಿದರೆ ಅನುಸೂಯಾಬಾಯಿ ಹೊಸ್ತಿಲಿಗೆ ಅಡ್ಡ ಬಂದು ನಿಂತಳು.

"ಹಂಗ ಹೆಂಗ? ಹೆಸರ ಹೇಳದ ಒಳಗ ಬಿಡಂಗಿಲ್ಲ."

"ನನಗ ಲಗ್ನ ಆಗಿಲ್ರೀ, ಯಾರ ಹೆಸರ ಹೇಳಲಿ?"

"ಯಾರ ಮನಿಗೆ ಬಂದಿ? ಅವರದs ಹೇಳು. ಕರಪತ್ರ ಬರೀಲಿಕ್ಕೆ ಬರ್ತದ, ಎರಡ ಸಾಲ ಬರಂಗಿಲ್ಲೇನು?"

ಚಾಪೆ ಮೊದಲು, ಆಮೇಲೆ ಹೆಸರು. ಹೆಸರಿಗೆ ಒಡವೆ ಹಾಕಲಿಲ್ಲ. ನೋಡು, ಕಾಕಾ ಅಂದಷ್ಟು ಜಡವೇನೂ ಆಗಲಿಲ್ಲ, ನಿನ್ನ ಹೆಸರು ಎದ್ದಿತು. ಇಬ್ಬರೂ ನಗುತ್ತಿದ್ದಾರೆ. ಶೇವಂತಾಬಾಯಿ, "ನನ್ನ ಸಿಟ್ಟ ಹೋಗಿಲ್ಲ, ಆದ್ರ ಚಹಾಕ್ಕ ಇಡ್ತೀನಿ," ಎನ್ನುತ್ತ ಹಿತ್ತಲ ಕಡೆಗೆ ಹೋದಳು. ನಿನಗೆ ಆ ನಗು ಕೇಳಿಸಲಿಲ್ಲ, ಅದಕ್ಕೆ ಒಡಪನ್ನು ಇಲ್ಲಿ ಬರೆದು ಬಾಗಿಲ ಕೆಳಗೆ ತೂರುತ್ತಿದ್ದೇನೆ. ಎತ್ತಿಕೊಂಡು ಓದು. ಓದಿದ ಮೇಲೆ ಏಳು.

ಉಮರಗಾದಿಂದ ಬಂದೀನಿ ಉದಗೀರ ಬಸ್ಸು ಹಿಡದು,
ಶಿವಕಾಂತಮ್ಮನ ಬಾಗಲದಾಗ ನಿಂತೀನಿ, ಕೈ ಸೋತಾವ ಬಡದು.

ದೀಪಾಲಿ